ಇಆರ್‌ಪಿನೆಕ್ಸ್ಟ್ ಕೊಟೇಶನ್ ಮೇಲೆ ಡ್ರಾಫ್ಟ್ ಗುರುತು: ವರ್ಷಗಟ್ಟಲೆ ಬಳಸಿದ ಮೇಲೆ ಅನ್ನಿಸಿದ್ದು

ಕೊಟೇಶನ್‌ಗೆ ಇಆರ್‌ಪಿನೆಕ್ಸ್ಟ್ ಎಂಬ ವ್ಯವಹಾರ ನಿರ್ವಹಣೆಯ ತಂತ್ರಾಂಶ ಬಳಸಲು ಶುರು ಮಾಡಿ ವರ್ಷಗಳೇ ಆದವು. ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಒಂದೇ ವಿಷಯ: ಇದಿನ್ನೂ ಅಂತಿಮವಲ್ಲ ಎಂದು ಹೇಳುವ ಡ್ರಾಫ್ಟ್ ಗುರುತು ಹಾಕುವುದು, ತೆಗೆಯುವುದು ಯಾರ ನೆನಪಿಗೂ ಬಿಟ್ಟಿದ್ದಲ್ಲ. ದಾಖಲೆ ಬರೀ ಸೇವ್ ಆಗಿದ್ದರೆ ಅದರ ಡಾಕ್‌ಸ್ಟೇಟಸ್ (ದಾಖಲೆಯ ಸ್ಥಿತಿ ಹೇಳುವ ಅಂಕಿ) 0, ಸಬ್ಮಿಟ್ ಆದರೆ 1, ರದ್ದಾದರೆ 2. ಗುರುತು ಈ ಅಂಕಿಯನ್ನು ನೋಡಿಕೊಂಡು ತಾನೇ ಬರುತ್ತದೆ, ತಾನೇ ಹೋಗುತ್ತದೆ. ವರ್ಡ್‌ನಲ್ಲಿ ಕೊಟೇಶನ್ ಮಾಡುವವರಿಗೆ ಇದರ ಬೆಲೆ ಗೊತ್ತಿರುತ್ತದೆ.

ಪ್ರಿಂಟ್ ಸೆಟ್ಟಿಂಗ್ಸ್‌ನಲ್ಲಿ ಡ್ರಾಫ್ಟ್ ಪ್ರಿಂಟ್ ಮಾಡಲು ಬಿಡಬೇಕೇ, ಮೇಲೆ ಡ್ರಾಫ್ಟ್ ಎಂಬ ತಲೆಬರಹ ಬರಬೇಕೇ ಎಂದು ಬೇರೆ ಬೇರೆ ಟಿಕ್ ಇವೆ. ಪ್ರಿಂಟನ್ನೇ ನಿಲ್ಲಿಸಿದರೆ ತಂಟೆಯೇ ಇಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆಗ ಸೇಲ್ಸ್‌ನವರು ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಅದರಲ್ಲಿ ಗುರುತೂ ಇರುವುದಿಲ್ಲ, ಷರತ್ತುಗಳೂ ಇರುವುದಿಲ್ಲ.

ಆದರೆ ಸಿದ್ಧವಾಗಿ ಸಿಗುವುದು ತಲೆಬರಹ ಮಾತ್ರ. ಪುಟದ ನಡುವೆ ಓರೆಯಾಗಿ ನಿಲ್ಲುವ ವಾಟರ್‌ಮಾರ್ಕ್ ಬೇಕಿದ್ದರೆ ಸ್ವಂತ ಪ್ರಿಂಟ್ ಫಾರ್ಮ್ಯಾಟ್ (ಮುದ್ರಣದ ವಿನ್ಯಾಸ) ಬರೆದು, ಡಾಕ್‌ಸ್ಟೇಟಸ್ 0 ಆಗಿದ್ದರೆ ತೋರಿಸು ಎಂಬ ಷರತ್ತನ್ನು ಜಿಂಜಾ ಎಂಬ ಟೆಂಪ್ಲೇಟ್ ಭಾಷೆಯಲ್ಲಿ ಸೇರಿಸಬೇಕು. ಷರತ್ತು ಒಂದು ಸಾಲಿನದು. ತಲೆನೋವು ಪಿಡಿಎಫ್‌ನದು. ಅದನ್ನು ವೆಬ್ ಪುಟವನ್ನು ಪಿಡಿಎಫ್ ಮಾಡುವ ಡಬ್ಲ್ಯೂಕೆಎಚ್‌ಟಿಎಂಎಲ್‌ಟುಪಿಡಿಎಫ್ ಎಂಬ ಸಾಧನ ತಯಾರಿಸುತ್ತಿದ್ದರೆ, ಒಳಗಿರುವುದು ಹಳೆಯ ವೆಬ್‌ಕಿಟ್ ಬ್ರೌಸರ್ ಎಂಜಿನ್. ಆ ಯೋಜನೆಯ ಕೆಲಸವೂ 2023ರಲ್ಲೇ ನಿಂತುಹೋಗಿದೆ. ಅಕ್ಷರವನ್ನು ಓರೆ ಮಾಡುವ ಸಿಎಸ್‌ಎಸ್ ಆದೇಶವಾದ ಟ್ರಾನ್ಸ್‌ಫಾರ್ಮ್‌ನ ಮೊದಲಿಗೆ ವೆಬ್‌ಕಿಟ್ ಪೂರ್ವಪದ ಹಾಕದಿದ್ದರೆ, ಬ್ರೌಸರ್‌ನಲ್ಲಿ ಓರೆಯಾಗಿ ನಿಂತಿದ್ದ ಅಕ್ಷರ ಪಿಡಿಎಫ್‌ನಲ್ಲಿ ಅಡ್ಡ ಮಲಗಿರುತ್ತದೆ. ಪ್ರಿವ್ಯೂ ನಂಬಬೇಡಿ, ಪಿಡಿಎಫ್ ತೆರೆದೇ ನೋಡಿ. ಒಂದೇ ಪುಟದ್ದಲ್ಲ, ಎರಡು ಮೂರು ಪುಟ ಹೋಗುವ ಕೊಟೇಶನ್ ತೆಗೆದುಕೊಳ್ಳಿ: ದರದ ಪಟ್ಟಿ ಎರಡನೇ ಪುಟದಲ್ಲಿದ್ದು ಗುರುತು ಮೊದಲ ಪುಟದಲ್ಲೇ ಉಳಿದರೆ ಏನು ಉಪಯೋಗ?

ಬಣ್ಣ ತಿಳಿ ಬೂದಿಯೇ ಸರಿ. ಗಾಢವಾದರೆ ಮೊತ್ತದ ಕಾಲಂನಲ್ಲಿ 3 ಯಾವುದು 8 ಯಾವುದು ತಿಳಿಯುವುದಿಲ್ಲ. ಪಟ್ಟಿಯ ಸಾಲುಗಳಿಗೆ ಬಿಳಿ ಹಿನ್ನೆಲೆ ಕೊಟ್ಟಿದ್ದರೆ ವಾಟರ್‌ಮಾರ್ಕ್ ಅದರಡಿ ಮುಚ್ಚಿಹೋಗುತ್ತದೆ, ಆ ಹಿನ್ನೆಲೆ ತೆಗೆದುಬಿಡಿ. ಇನ್ನು ಇದು ಬೀಗವೇನಲ್ಲ, ಪಿಡಿಎಫ್ ತಿದ್ದಬಲ್ಲವರು ಅಳಿಸಿಯೇ ಅಳಿಸುತ್ತಾರೆ.

ಪರಿಷ್ಕರಣೆಯ ಹೊತ್ತಿಗೆ ಇದರ ನಿಜವಾದ ಲಾಭ ಕಾಣುತ್ತದೆ. ಸಬ್ಮಿಟ್ ಆದ ಕೊಟೇಶನ್ ರದ್ದು ಮಾಡಿ ಅಮೆಂಡ್ ಒತ್ತಿ ಸೇವ್ ಮಾಡಿದರೆ, ಹಳೆಯ ಸಂಖ್ಯೆಯ ಕೊನೆಗೆ -1 ಸೇರಿದ ಹೊಸ ಪ್ರತಿ ಡ್ರಾಫ್ಟ್ ಆಗಿಯೇ ಹುಟ್ಟುತ್ತದೆ. ಗ್ರಾಹಕರು ಚೌಕಾಸಿ ಮಾಡಿದಷ್ಟು ಸಲವೂ ಗುರುತು ತಪ್ಪದೆ ಹಾಜರ್.