ಚರ್ಚ್ ಸ್ಟ್ರೀಟ್: ನಡೆಯೋಕೆ ಫುಲ್ ಮಾರ್ಕ್ಸ್, ಉಸಿರಾಡೋಕೆ ಅರ್ಧ

ಬೆಂಗಳೂರಲ್ಲಿ ಆರಾಮಾಗಿ ನಡ್ಕೊಂಡು ಓಡಾಡೋ ರಸ್ತೆ ಯಾವ್ದು ಅಂತ ಕೇಳಿದ್ರೆ ನಾನು ಮೊದ್ಲು ಹೇಳೋದು ಚರ್ಚ್ ಸ್ಟ್ರೀಟೇ. ಬ್ರಿಗೇಡ್ ರೋಡಿಂದ ಸೇಂಟ್ ಮಾರ್ಕ್ಸ್ ರೋಡ್ ತನಕ ಸುಮಾರು ಮುಕ್ಕಾಲು ಕಿಲೋಮೀಟರ್ ಅಷ್ಟೆ. 2018ರಲ್ಲಿ ಡಾಂಬರು ತೆಗ್ದು ಕಲ್ಲು ಹಾಸಿ ಫುಟ್‌ಪಾತ್ ಅಗಲ ಮಾಡಿ ಓಪನ್ ಮಾಡಿದ್ರಲ್ಲ, ಅವತ್ತಿಂದ ಅಮ್ಮನ್ನ ಕರ್ಕೊಂಡು ಹೋಗೋಕೂ ಭಯ ಇಲ್ಲ, ಎಂಜಿ ರೋಡ್ ಮೆಟ್ರೋ ಇಳ್ದು, ಬ್ಲಾಸಮ್, ಬುಕ್‌ವರ್ಮ್ ಎರಡೂ ಪುಸ್ತಕದಂಗಡಿ ಸುತ್ತಾಡ್ಕೊಂಡು, ಇಂಡಿಯನ್ ಕಾಫಿ ಹೌಸಲ್ಲಿ ಒಂದು ಕಾಫಿ ಕುಡ್ದು ಬರಬಹುದು.

ಆದ್ರೆ ಶನಿವಾರ ಸಂಜೆ ಅಲ್ಲಿ ನಿಂತು ನೋಡಿ. ಪಾರ್ಕಿಂಗ್ ಹುಡುಕ್ತಾ ಫಸ್ಟ್ ಗೇರಲ್ಲೇ ತೆವಳೋ ಕಾರುಗಳು, ಪಬ್ ಮುಂದೆ ಇಂಜಿನ್ ಆಫ್ ಮಾಡ್ದೆ ಕಸ್ಟಮರ್‌ಗೆ ಕಾಯೋ ಕ್ಯಾಬುಗಳು, ಹಿಂದಿಂದ ಹಾರ್ನ್. ರಸ್ತೆ ಕಿರಿದು, ಎರಡೂ ಕಡೆ ಬಿಲ್ಡಿಂಗು, ಹೊಗೆ ಎಲ್ಲಿಗೆ ಹೋಗ್ಬೇಕು ಹೇಳಿ? ಗಾಡಿ ನಿಂತು ನಿಂತು ಹೋದಷ್ಟೂ ಅದೇ ದೂರಕ್ಕೆ ಜಾಸ್ತಿ ಪೆಟ್ರೋಲ್ ಡೀಸೆಲ್ ಉರಿಯತ್ತೆ, ಆ ಹೊಗೆಯೆಲ್ಲ ಫುಟ್‌ಪಾತಲ್ಲಿ ನಡೆಯೋ ಮಗು ಮೂಗಿನ ಎತ್ತರಕ್ಕೇ ಬರೋದು. ಎಲೆಕ್ಟ್ರಿಕ್ ಗಾಡಿ ಬಂದ್ರೆ ಹೊಗೆ ಹೋಗತ್ತೆ ನಿಜ, ಟೈರು ಬ್ರೇಕು ಸವೆದು ಬರೋ ಧೂಳು ಎಲ್ಲಿಗೆ ಹೋಗತ್ತೆ?

ಇದಕ್ಕೆ ಪರಿಹಾರ ಇದೇ ರಸ್ತೇಲಿ ಒಂದ್ಸಲ ಮಾಡಿ ತೋರಿಸಿದ್ದಾರೆ ಅನ್ನೋದೇ ನನಗೆ ಹೊಟ್ಟೆ ಉರಿಯೋ ವಿಷಯ. 2020ರ ನವೆಂಬರಿಂದ 2021ರ ಫೆಬ್ರವರಿ ತನಕ ನಗರ ಭೂಸಾರಿಗೆ ನಿರ್ದೇಶನಾಲಯದೋರು ‘ಕ್ಲೀನ್ ಏರ್ ಸ್ಟ್ರೀಟ್’ ಅಂತ ಶನಿವಾರ ಭಾನುವಾರ ಗಾಡಿ ಬಂದ್ ಮಾಡಿದ್ರು. ಜನ ರಸ್ತೆ ಮಧ್ಯದಲ್ಲೇ ನಿಂತು ಮಾತಾಡ್ತಿದ್ರು, ಪುಟ್ಟ ಮಕ್ಕಳ ಕೈ ಬಿಟ್ಟು ಓಡಾಡೋಕೆ ಬಿಡ್ತಿದ್ರು, ನಮ್ಮೂರಲ್ಲಿ ಬೇರೆ ಯಾವ ರಸ್ತೇಲಿ ಹಂಗೆ ಬಿಡ್ತೀರಾ? ಅದು ಮುಗೀತು, ಗಾಡಿಗಳು ವಾಪಸ್ ಬಂದ್ವು.

ಬಂದ್ ಮಾಡಿದ್ರೆ ಟ್ರಾಫಿಕ್ ಎಲ್ಲ ರೆಸಿಡೆನ್ಸಿ ರೋಡಿಗೆ ಎಂಜಿ ರೋಡಿಗೆ ಬೀಳತ್ತೆ ಅಂತಾರೆ. ಸ್ವಲ್ಪ ಬೀಳಬಹುದು, ಒಪ್ತೀನಿ. ಆದ್ರೆ ಇಲ್ಲಿಗೆ ಬರೋರಲ್ಲಿ ಎಷ್ಟೋ ಜನ ಈ ರಸ್ತೆಗೇ ಅಂತ ಬರೋರು, ಮೆಟ್ರೋ ಪಕ್ಕದಲ್ಲೇ ಇದೆ, ಕಾರು ಮನೇಲಿ ಬಿಟ್ಟು ಬರೋ ಚಾನ್ಸ್ ಇರೋ ಜಾಗ ಇಡೀ ಸಿಟೀಲಿ ಇದ್ರೆ ಇದೇ. ಫ್ಲೈಓವರ್ ಮೇಲೆ ಫ್ಲೈಓವರ್ ಕಟ್ತಾನೇ ಇದ್ದೀವಿ, ಜಾಗ ಆದಷ್ಟೂ ಗಾಡಿ ಬಂದು ತುಂಬ್ಕೊಳತ್ತೆ ಅಂತ ಸಿಲ್ಕ್ ಬೋರ್ಡ್ ಜಂಕ್ಷನ್ ಟ್ರಾಫಿಕ್ ಜಾಮ್ ದಾಟೋರಿಗೆ ಯಾರೂ ಹೇಳಿಕೊಡೋದು ಬೇಡ.

ಗಾಡಿ ಬಂದ್ ಮಾಡೋದು ಹಾಸಿರೋ ಕಲ್ಲಿಗೂ ಒಳ್ಳೇದು, ಭಾರದ ಗಾಡಿ ಓಡಾಡಿ ಕಲ್ಲು ಎದ್ದು ಮತ್ತೆ ಮತ್ತೆ ರಿಪೇರಿ ಆಗ್ತಾನೇ ಇದೆ.

ನನ್ನ ರೇಟಿಂಗ್ 5ಕ್ಕೆ 3.5. ವೀಕೆಂಡಲ್ಲಿ ಗಾಡಿ ನಿಲ್ಲಿಸಿದ್ರೆ ಅವತ್ತೇ ಪೂರ್ತಿ 5 ಕೊಡ್ತೀನಿ. ಮಕ್ಕಳನ್ನ ಕರ್ಕೊಂಡು ಹೋಗೋರು ಭಾನುವಾರ ಬೆಳಿಗ್ಗೆ ಬೇಗ ಹೋಗಿ, ಸಂಜೆ ಬೇಡ, ಮತ್ತೆ ದಯವಿಟ್ಟು ಮೆಟ್ರೋದಲ್ಲೇ ಹೋಗಿ.