ಮೈ ಬೆಚ್ಚಗಿದ್ದ ಇಲಿಯ ಹೊಟ್ಟೆಯಲ್ಲಿ ಮಂಜುಗಡ್ಡೆಯಿತ್ತು: ಹಾವು ಸಾಕುವವರಿಗೊಂದು ಎಚ್ಚರಿಕೆ

ಸಾಕಿದ ಹಾವಿಗೆ ಹೆಪ್ಪುಗಟ್ಟಿಸಿದ ಇಲಿಯನ್ನು ಕೊಡುವವರಿಗೆ ಎರಡು ಕೆಲಸಗಳಿರುತ್ತವೆ. ಇಲಿಯನ್ನು ಕರುಳಿನವರೆಗೂ ಪೂರ್ತಿಯಾಗಿ ಕರಗಿಸುವುದು ಒಂದು. ಹಾಗೆ ಕರಗಿದ ಇಲಿಯನ್ನು ಹಾವಿನ ಮುಂದೆ ಹಿಡಿಯುವುದಕ್ಕೆ ಸ್ವಲ್ಪ ಮೊದಲು ಮೈ ಬೆಚ್ಚಗಾಗಿಸುವುದು ಇನ್ನೊಂದು. ಒಂದೇ ಬಟ್ಟಲು ಬಿಸಿನೀರಿನಲ್ಲಿ, ಕಾಲು ಗಂಟೆಯೊಳಗೆ, ಈ ಎರಡನ್ನೂ ಒಟ್ಟಿಗೆ ಮುಗಿಸಬಹುದೆಂದು ನಾನು ನಂಬಿದ್ದೆ. ಆ ನಂಬಿಕೆಯಿಂದ ನನ್ನ ಹಾವು ಎರಡು ಸಲ ತಿಂದದ್ದನ್ನು ಕಕ್ಕಿತು, ನೂರು ಗ್ರಾಮಿಗೂ ಹೆಚ್ಚು ತೂಕ ಕಳೆದುಕೊಂಡಿತು. ಅದೇ ಬಟ್ಟಲನ್ನು ಅಡುಗೆಮನೆಯಲ್ಲಿ ಇಟ್ಟುಕೊಂಡಿದ್ದರಿಂದಾಗಿ, ನಾನು ತಿಳಿದಿರುವ ಮಟ್ಟಿಗೆ, ಮನೆಯ ನಾಲ್ಕು ವರ್ಷದ ಮಗುವೂ ಕಾಯಿಲೆ ಬಿತ್ತು. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ನನ್ನ ಬಳಿ ಇರುವುದು ಆರು ವರ್ಷದ ಹೆಣ್ಣು ಬಾಲ್ ಪೈಥಾನ್, ಆಫ್ರಿಕಾ ಮೂಲದ ಚಿಕ್ಕ ಜಾತಿಯ ಹೆಬ್ಬಾವು. ಆಗ ಅದರ ತೂಕ 1,420 ಗ್ರಾಂ ಇತ್ತು. ಮೂರು ವಾರಕ್ಕೊಮ್ಮೆ 110 ಗ್ರಾಂ ಆಸುಪಾಸಿನ ಒಂದು ಇಲಿಯನ್ನು ಕೊಡುತ್ತಿದ್ದೆ. ಜೀವಂತ ಇಲಿಯನ್ನು ಗೂಡಿಗೆ ಬಿಟ್ಟರೆ ಅದು ಪ್ರಾಣಭಯದಿಂದ ಹಾವನ್ನೇ ಕಚ್ಚಿ ಗಾಯ ಮಾಡುವುದುಂಟಾದ್ದರಿಂದ ಮೊದಲಿನಿಂದಲೂ ಹೆಪ್ಪುಗಟ್ಟಿಸಿದ ಇಲಿಯನ್ನೇ ಬಳಸುತ್ತ ಬಂದಿದ್ದೇನೆ, ಮುಂದೆಯೂ ಅದನ್ನೇ ಬಳಸುತ್ತೇನೆ. ಹಲವು ವರ್ಷಗಳ ಕಾಲ ಹಿಂದಿನ ದಿನವೇ ಇಲಿಯನ್ನು ಫ್ರೀಜರಿನಿಂದ ತೆಗೆದು ಫ್ರಿಜ್ಜಿನ ಕೆಳ ಅರೆಯಲ್ಲಿ ಇಡುವ ರೂಢಿ ನನಗಿತ್ತು. ಆಮೇಲೆ, ಹಾವು ಸಾಕುವುದರಲ್ಲಿ ಪಳಗಿದ ಒಬ್ಬರು, "ಇಷ್ಟೊಂದು ರಗಳೆ ಯಾಕೆ ಮಾಡಿಕೊಳ್ಳುತ್ತೀರಿ, ಬಿಸಿನೀರು ಸುರಿದು ಕಾಲು ಗಂಟೆ ಬಿಟ್ಟರೆ ಆಯಿತು" ಎಂದರು. ಅವರು ಸುಳ್ಳು ಹೇಳಲಿಲ್ಲ. ಅವರ ಮನೆಯಲ್ಲಿದ್ದದ್ದು ಕಾರ್ನ್ ಸ್ನೇಕ್ ಎಂಬ ತೆಳ್ಳನೆಯ ಹಾವು. ಅವರು ಕೊಡುತ್ತಿದ್ದದ್ದು ಇಪ್ಪತ್ತು ಗ್ರಾಮಿನ ಚಿಟ್ಟಿಲಿ. ಹೆಬ್ಬೆರಳಿಗಿಂತ ತುಸು ದಪ್ಪಗಿರುವ ಚಿಟ್ಟಿಲಿ ಕಾಲು ಗಂಟೆಯಲ್ಲಿ ಕರಗೀತು. ಅದರ ಐದು ಪಟ್ಟು ತೂಗುವ ಇಲಿಗೆ ಅದೇ ಲೆಕ್ಕ ಹೊಂದುವುದಿಲ್ಲವೆಂಬುದು ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಆ ರಾತ್ರಿ ಮನೆಗೆ ಬಂದಾಗ ಹೊತ್ತಾಗಿತ್ತು, ಇಲಿಯನ್ನು ಹಿಂದಿನ ದಿನ ಫ್ರಿಜ್ಜಿಗೆ ಇಳಿಸಲು ಮರೆತಿದ್ದೆ. ಕಲ್ಲಿನಂತಿದ್ದ ಅದನ್ನು ಜಿಪ್ ಚೀಲದಲ್ಲಿಯೇ ಸ್ಟೀಲ್ ಬಟ್ಟಲಿಗೆ ಹಾಕಿ, ಕಾಯಿಸಿದ ನೀರು ಸುರಿದು, ಚೀಲ ತೇಲದಿರಲೆಂದು ಮೇಲೊಂದು ತಟ್ಟೆ ಮುಚ್ಚಿದೆ. ಹದಿನೈದು ನಿಮಿಷದ ಮೇಲೆ ತೆಗೆದು ನೋಡಿದರೆ ಬಾಲ ಬಾಗುತ್ತಿತ್ತು, ಕಾಲುಗಳು ಸಡಿಲವಾಗಿದ್ದವು, ಬೆನ್ನು ಮುಟ್ಟಿದರೆ ಜೀವಂತ ಇಲಿಯಷ್ಟೇ ಬೆಚ್ಚಗಿತ್ತು. ಹೊಟ್ಟೆಯನ್ನು ಒತ್ತಿ ನೋಡಬೇಕೆಂದು ಗೊತ್ತಿತ್ತು, ಒತ್ತಿಯೂ ನೋಡಿದೆ. ಮೇಲಿನ ಚರ್ಮ ಮೆತ್ತಗೆ ಒಳಸರಿದು ಆಮೇಲೆ ಏನೋ ಗಟ್ಟಿಯಾಗಿ ಕೈಗೆ ತಾಗಿತು. ಅದು ಎಲುಬಿರಬೇಕೆಂದುಕೊಂಡೆ. ಇಲಿಯ ಹೊಟ್ಟೆಯ ನಡುವೆ ಎಲುಬು ಎಲ್ಲಿಂದ ಬರಬೇಕು? ಬೇಗ ಮುಗಿಸಿ ಮಲಗಬೇಕೆಂದಿದ್ದವನಿಗೆ ಆ ಪ್ರಶ್ನೆ ಏಳಲೇ ಇಲ್ಲ.

ಬಾಲ್ ಪೈಥಾನಿನ ಮೇಲ್ತುಟಿಯ ಅಂಚಿನಲ್ಲಿ ಶಾಖವನ್ನು ಗುರುತಿಸುವ ಸಣ್ಣ ಕುಳಿಗಳ ಸಾಲಿದೆ. ತಣ್ಣಗಿನ ಇಲಿಯನ್ನು ಅದು ಬಹಳ ಸಲ ಮೂಸಿ ನೋಡಿ ಬಿಟ್ಟುಬಿಡುತ್ತದೆ. ಬೆಚ್ಚಗಿನದಾದರೆ ಇಕ್ಕಳದ ತುದಿಯಿಂದ ಕಿತ್ತುಕೊಳ್ಳುತ್ತದೆ. ಆದರೆ ಆ ಕುಳಿಗಳಿಗೆ ತಿಳಿಯುವುದು ಮೇಲ್ಮೈಯ ಶಾಖ ಮಾತ್ರ. ಒಳಗೇನಿದೆಯೆಂದು ನೋಡುವ ಹೊಣೆ ನನ್ನದಾಗಿತ್ತು. ಹಾವಂತೂ ನನ್ನನ್ನು ನಂಬಿ ಕ್ಷಣದಲ್ಲಿ ಹಿಡಿದು, ಸುತ್ತಿ, ತಲೆಯ ಕಡೆಯಿಂದ ನುಂಗಿತು.

ಮೂರನೆಯ ರಾತ್ರಿ ಕೋಣೆಯ ಬಾಗಿಲು ತೆರೆದಾಗ ವಾಸನೆ ಮುಖಕ್ಕೆ ರಾಚಿತು. ಗೂಡಿನ ತಣ್ಣಗಿನ ಬದಿಯಲ್ಲಿ, ನೀರಿನ ಬಟ್ಟಲಿಗೆ ಒತ್ತಿಕೊಂಡಂತೆ, ಆ ಇಲಿ ಬಿದ್ದಿತ್ತು. ತಲೆ ಮತ್ತು ಭುಜದ ಭಾಗ ಅರ್ಧ ಜೀರ್ಣವಾಗಿ ಲೋಳೆಯಾಗಿತ್ತು. ಹಿಂಭಾಗ ಇಡಿಯಾಗಿಯೇ ಉಳಿದಿತ್ತು, ಆದರೆ ಹೊಟ್ಟೆ ಊದಿ ಹಸಿರುಗಟ್ಟಿತ್ತು. ಕೈಗವಸು ಹಾಕಿ ಎತ್ತುವಾಗ ರೋಮ ಚರ್ಮದಿಂದ ಕಳಚಿ ಹಿಡಿಹಿಡಿಯಾಗಿ ಅಂಟಿಕೊಂಡಿತು. ಹಾವು ಅಡಗುದಾಣದೊಳಗೆ ಸುರುಳಿ ಸುತ್ತಿಕೊಂಡು, ಬಾಯಿಯ ಅಂಚನ್ನು ಮರದ ಚೂರುಗಳಿಗೆ ಉಜ್ಜುತ್ತಿತ್ತು.

ಹಾವು ಕಕ್ಕುವುದಕ್ಕೆ ಕಾರಣಗಳು ಹಲವು: ತಿಂದ ಮೇಲೆ ಎರಡು ದಿನದೊಳಗೆ ಎತ್ತಿ ಆಡಿಸುವುದು, ಗೂಡಿನಲ್ಲಿ ಶಾಖ ಸಾಲದಿರುವುದು, ಅಳತೆ ಮೀರಿದ ಇಲಿ, ಹೊಟ್ಟೆಯೊಳಗಿನ ಪರೋಪಜೀವಿಗಳು. ನಾನು ಎತ್ತಿರಲಿಲ್ಲ, ಬೆಚ್ಚಗಿನ ಬದಿ 32 ಡಿಗ್ರಿ ಸೆಲ್ಸಿಯಸ್ ಇತ್ತು, ಇಲಿಯ ಗಾತ್ರವೂ ಎಂದಿನದೇ. ಅನುಮಾನ ಪರಿಹರಿಸಿಕೊಳ್ಳಲು ಅದೇ ಪೊಟ್ಟಣದಿಂದ ಅದೇ ತೂಕದ ಇನ್ನೊಂದು ಇಲಿಯನ್ನು ತೆಗೆದು, ಅದೇ ಬಟ್ಟಲು, ಅಷ್ಟೇ ನೀರು, ಅಷ್ಟೇ ಹೊತ್ತು ಇಟ್ಟು, ಮಾಂಸಕ್ಕೆ ಚುಚ್ಚಿ ನೋಡುವ ಮೊನೆಯುಳ್ಳ ಥರ್ಮಾಮೀಟರನ್ನು ಹೊಟ್ಟೆಗೆ ಇಳಿಸಿದೆ. ಚರ್ಮದ ಬಳಿ 39 ಡಿಗ್ರಿ ತೋರಿಸಿತು. ಎರಡು ಸೆಂಟಿಮೀಟರ್ ಒಳಹೋಗುವಷ್ಟರಲ್ಲಿ ಮೊನೆ ಗಕ್ಕನೆ ನಿಂತಿತು, ಅಂಕಿ ಇಳಿಯುತ್ತ ಇಳಿಯುತ್ತ ಸೊನ್ನೆಯ ಹತ್ತಿರ ಬಂದು ನಿಂತಿತು. ಕತ್ತರಿಯಿಂದ ಸೀಳಿದಾಗ ಕರುಳಿನ ಸುರುಳಿಗಳ ನಡುವೆ ಮಂಜಿನ ಹರಳುಗಳು ದೀಪದ ಬೆಳಕಿಗೆ ಮಿನುಗುತ್ತಿದ್ದವು. ಮೇಲೆ ಥಳುಕು ಒಳಗೆ ಹುಳುಕು ಎಂಬ ಗಾದೆಯನ್ನು ಅದುವರೆಗೆ ಮನುಷ್ಯರ ವಿಷಯದಲ್ಲಿ ಮಾತ್ರ ಬಳಸಿದ್ದೆ.

ಇದು ಹಾವಿನ ಹೊಟ್ಟೆಯಲ್ಲಿ ಏಕೆ ಇಷ್ಟು ಕೆಡುಕು ಮಾಡುತ್ತದೆಂಬುದನ್ನು ಆಮೇಲೆ ತಿಳಿದುಕೊಂಡೆ. ಹಾವಿಗೆ ನಮ್ಮಂತೆ ಸ್ವಂತ ಮೈಬಿಸಿಯಿಲ್ಲ. ಹೊರಗಿನ ಶಾಖವನ್ನು ಹೀರಿಕೊಂಡೇ ಅದು ಅರಗಿಸಿಕೊಳ್ಳಬೇಕು. ಊಟಗಳ ನಡುವೆ ಅದರ ಜಠರವೂ ಸುಮ್ಮನಿರುತ್ತದೆ. ಬರ್ಮೀಸ್ ಹೆಬ್ಬಾವುಗಳಲ್ಲಿ ಅಳೆದು ನೋಡಿರುವಂತೆ, ಉಪವಾಸದ ಸಮಯದಲ್ಲಿ ಜಠರದ ಪಿಎಚ್ (ಹುಳಿಯ ಅಳತೆ; ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) 7ರ ಮೇಲಿದ್ದು, ನುಂಗಿದ ಮೇಲೆ ಸುಮಾರು ಒಂದು ದಿನದಲ್ಲಿ 2ರ ಆಸುಪಾಸಿಗೆ ಇಳಿಯುತ್ತದೆ. ಎಂದರೆ ಆಮ್ಲ ತಯಾರಾಗಲು ಹೊತ್ತು ಹಿಡಿಯುತ್ತದೆ. ಹೊಟ್ಟೆಯ ನಡುವೆ ಮಂಜುಗಡ್ಡೆಯ ಉಂಡೆಯೊಂದು ಕೂತರೆ ಅದು ಸುತ್ತಲಿನ ಶಾಖವನ್ನು ಎಳೆದುಕೊಂಡು ಜೀರ್ಣಕ್ರಿಯೆಯನ್ನು ಇನ್ನಷ್ಟು ನಿಧಾನಗೊಳಿಸುತ್ತದೆ. ಇಲಿಯ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳೋ ಫ್ರೀಜರಿನಲ್ಲಿ ಸತ್ತಿರುವುದಿಲ್ಲ, ಮಲಗಿರುತ್ತವೆ ಅಷ್ಟೆ, ಕರಗಿದೊಡನೆ ಏಳುತ್ತವೆ. ಜಠರದ ಆಮ್ಲ ಹೊರಗಿನಿಂದ ಒಳಕ್ಕೆ ಬರುವ ಮೊದಲೇ ಕೊಳೆತ ಒಳಗಿನಿಂದ ಹೊರಕ್ಕೆ ಬಂದರೆ ಹಾವಿಗೆ ಅದನ್ನು ಕಕ್ಕದೆ ಬೇರೆ ದಾರಿಯಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಹಾವು ಬೇಗ ಸುಧಾರಿಸುತ್ತಿತ್ತು. ಹಸಿದಿರಬಹುದೆಂಬ ಕರುಣೆಯಿಂದ ಐದನೆಯ ದಿನ ಮತ್ತೊಂದು ಇಲಿ ಕೊಟ್ಟೆ. ಈ ಸಲ ಒಳಗೆ ಮಂಜುಗಡ್ಡೆ ಉಳಿಯಬಾರದೆಂದು ನೀರನ್ನು ಇನ್ನೂ ಕುದಿಸಿ ಸುರಿದೆ. ಅದರ ಹೊಟ್ಟೆಯ ಚರ್ಮ ಬೆಂದು ಬಿಗಿದು, ಒತ್ತಿದರೆ ಸೀಳುವಂತಾಗಿತ್ತು. ಹಾವು ಅದನ್ನೂ ನುಂಗಿ, ಮರುದಿನವೇ ಕಕ್ಕಿತು. ಸರೀಸೃಪಗಳನ್ನು ನೋಡುವ ಪಶುವೈದ್ಯರ ಬಳಿಗೆ ಆಗ ಒಯ್ದೆ. ತೂಕ 1,305 ಗ್ರಾಮಿಗೆ ಇಳಿದಿತ್ತು. ಮೊದಲ ಇಲಿಗಿಂತ ಎರಡನೆಯದನ್ನು ಕೊಟ್ಟದ್ದೇ ದೊಡ್ಡ ತಪ್ಪು ಎಂದು ಅವರು ಹೇಳಿದರು. ಕಕ್ಕುವಾಗ ಜಠರದ ಆಮ್ಲವೂ ನೀರಿನಂಶವೂ ಹೊರಹೋಗಿರುತ್ತವೆ, ಅನ್ನನಾಳ ಸುಟ್ಟಂತಾಗಿರುತ್ತದೆ. ಅದು ಮಾಗುವ ಮೊದಲೇ ಮತ್ತೆ ತಿನ್ನಿಸಿದರೆ ಮತ್ತೆ ಕಕ್ಕುತ್ತದೆ, ಈ ಸುತ್ತಿನಲ್ಲಿ ಸಿಕ್ಕಿದ ಹಾವುಗಳು ಸಾಯುವುದೂ ಉಂಟು. ಮೊದಲ ಸಲ ಕಕ್ಕಿದಾಗಲೇ ಕನಿಷ್ಠ ಎರಡು ವಾರ ಏನನ್ನೂ ಕೊಡದೆ, ಶುದ್ಧ ನೀರಿಟ್ಟು, ಮುಟ್ಟದೆ ಬಿಡಬೇಕಿತ್ತು. ಆರೋಗ್ಯವಾಗಿರುವ ಪ್ರಾಯದ ಬಾಲ್ ಪೈಥಾನಿಗೆ ಎರಡು ವಾರ ಉಪವಾಸ ಲೆಕ್ಕಕ್ಕೇ ಬಾರದು, ಸಂಕಟವೆಲ್ಲ ನೋಡುವವರದು.

ಅಡುಗೆಮನೆಯ ಕತೆ ಇನ್ನು ಬರೆಯಬೇಕು. ಇದನ್ನು ಬರೆಯಲು ನನಗೆ ನಾಚಿಕೆಯಿದೆ, ಬಿಟ್ಟರೆ ಮಾತ್ರ ಈ ಎಚ್ಚರಿಕೆ ಅರ್ಧವಾಗುತ್ತದೆ. ಇಲಿ ಮುಳುಗಿಸಿದ ಸ್ಟೀಲ್ ಬಟ್ಟಲು ಅಡುಗೆಮನೆಯದು. ಚೀಲದ ಮೂಲೆಯಲ್ಲಿ ಸೋರಿಕೆಯಿದ್ದದ್ದನ್ನು ನಾನು ಗಮನಿಸಿರಲಿಲ್ಲ. ಉಳಿದ ನೀರನ್ನು ಪಾತ್ರೆ ತೊಳೆಯುವ ಸಿಂಕಿಗೇ ಚೆಲ್ಲಿ, ಪಾತ್ರೆಗಳಿಗೆ ಬಳಸುವ ನಾರಿನಿಂದಲೇ ಬಟ್ಟಲನ್ನು ಉಜ್ಜಿ ಮತ್ತೆ ಅಡುಗೆಯ ಪಾತ್ರೆಗಳ ಜೊತೆ ಕವುಚಿಟ್ಟಿದ್ದೆ. ಎರಡನೆಯ ಇಲಿಯ ಮೂರು ದಿನದ ಮೇಲೆ ಮಗುವಿಗೆ ಜ್ವರ, ಹೊಟ್ಟೆನೋವು, ರಕ್ತದ ಎಳೆಯಿದ್ದ ಭೇದಿ ಶುರುವಾಯಿತು. ಮಲಪರೀಕ್ಷೆಯಲ್ಲಿ ಸಾಲ್ಮೊನೆಲ್ಲಾ ಎಂಬ, ಕರುಳಿಗೆ ಸೋಂಕು ತರುವ ಬ್ಯಾಕ್ಟೀರಿಯಾ ಕಂಡಿತು. ಮನೆಯಲ್ಲಿ ಹಾವು, ಆಮೆ, ಹಲ್ಲಿ ಏನಾದರೂ ಇದೆಯೇ ಎಂಬುದು ವೈದ್ಯರ ಮೊದಲ ಪ್ರಶ್ನೆಗಳಲ್ಲಿ ಒಂದಾಗಿತ್ತು. ರೋಗಾಣು ಇಲಿಯಿಂದ ಬಂತೋ, ಹಾವಿನ ಮಲದಿಂದ ಬಂತೋ ಎಂದು ಯಾರೂ ಪತ್ತೆ ಮಾಡಲಿಲ್ಲ. ಎರಡಕ್ಕೂ ದಾರಿ ಮಾಡಿಕೊಟ್ಟವನು ನಾನೇ ಎಂಬುದರಲ್ಲಿ ಅನುಮಾನವಿಲ್ಲ. ಮಗು ಎಂಟು ದಿನಗಳಲ್ಲಿ ಚೇತರಿಸಿಕೊಂಡಿತು.

ಇದು ಎಲ್ಲೋ ಒಬ್ಬರಿಗೆ ಆಗುವ ಅಪರೂಪದ ಸಂಗತಿಯೇನಲ್ಲ. ಅಮೆರಿಕದಲ್ಲಿ 2010ರಲ್ಲೂ 2014ರಲ್ಲೂ ಸರೀಸೃಪಗಳಿಗೆಂದು ಮಾರುವ ಹೆಪ್ಪುಗಟ್ಟಿಸಿದ ಇಲಿಗಳಿಂದಲೇ ಸಾಲ್ಮೊನೆಲ್ಲಾ ಹರಡಿದ್ದನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ದಾಖಲಿಸಿದೆ. ಬ್ರಿಟನ್ನಿನಲ್ಲಿ ಇಂಥದೇ ಚಿಟ್ಟಿಲಿಗಳಿಗೆ ತಳಕು ಹಾಕಿಕೊಂಡ ಸೋಂಕು 2015ರಿಂದ 2022ರ ಹೊತ್ತಿಗೆ 850ಕ್ಕೂ ಹೆಚ್ಚು ಜನರನ್ನು ಮುಟ್ಟಿತ್ತು. ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಸರೀಸೃಪಗಳನ್ನು ಸಾಕಬಾರದೆಂಬುದೇ ಸಿಡಿಸಿಯ ಸಲಹೆ. ನಮ್ಮ ಮನೆಯಲ್ಲಿ ಆ ಕುರಿತು ದೊಡ್ಡ ಮಾತುಕತೆಯೇ ನಡೆದು, ಹಾವಿನ ಕೋಣೆಗೆ ಬೀಗ ಬಿತ್ತು. ಬೀಗದ ಕೈ ನನ್ನ ಬಳಿ ಮಾತ್ರ ಇದೆ.

ಈಗ ನಾನು ಮಾಡುತ್ತಿರುವುದು ಹೀಗೆ. ಇಲಿಗಳಿಗೆಂದೇ ಒಂದು ಸಣ್ಣ ಫ್ರಿಜ್ ಹಾವಿನ ಕೋಣೆಯಲ್ಲಿದೆ. ಅದರ ಫ್ರೀಜರ್ ಮೈನಸ್ 18 ಡಿಗ್ರಿಯಲ್ಲಿರುತ್ತದೆ. ಪೊಟ್ಟಣದ ಮೇಲೆ ತಂದ ತಿಂಗಳನ್ನು ಬರೆದಿಟ್ಟು, ಆರು ತಿಂಗಳು ದಾಟಿದ್ದನ್ನೂ, ಒಣಗಿ ಬಿಳಿಚಿಕೊಂಡದ್ದನ್ನೂ ಬಿಸಾಡುತ್ತೇನೆ. ಊಟದ ಹಿಂದಿನ ದಿನ ಇಲಿಯನ್ನು ಎರಡು ಚೀಲಗಳಲ್ಲಿ ಕಟ್ಟಿ, ನಾಲ್ಕು ಡಿಗ್ರಿಯಿರುವ ಕೆಳ ಅರೆಯಲ್ಲಿ ಒಂದು ಅಗಲ ಡಬ್ಬಿಯೊಳಗೆ ಇಡುತ್ತೇನೆ. ನನ್ನ ಅಳತೆಯ ಇಲಿಗೆ ಪೂರಾ 24 ಗಂಟೆ ಕೊಡುತ್ತೇನೆ; ಚಿಟ್ಟಿಲಿಗಾದರೆ ಒಂದು ರಾತ್ರಿ ಸಾಕು. ಮರೆತರೆ ಊಟವನ್ನೇ ಒಂದು ದಿನ ಮುಂದೂಡುತ್ತೇನೆ. ರಾತ್ರಿಯಿಡೀ ಹೊರಗೆ ಮೇಜಿನ ಮೇಲೆ ಇಟ್ಟು ಕರಗಿಸುವ ರೂಢಿ ಕೆಲವರಿಗಿದೆ. ಒಳಗು ಕರಗುವಷ್ಟರಲ್ಲಿ ಹೊರಗು ಕೆಡಲು ಶುರುವಾಗಿರುತ್ತದೆ. ಮೈಕ್ರೋವೇವಿನ ಯೋಚನೆಯನ್ನಂತೂ ಬಿಟ್ಟುಬಿಡಿ. ಒಂದು ಕಡೆ ಬೆಂದು ಇನ್ನೊಂದು ಕಡೆ ಗಡ್ಡೆಯಾಗಿಯೇ ಉಳಿಯುತ್ತದೆ, ಹೊಟ್ಟೆ ಸಿಡಿದರೆ ಒಲೆಯನ್ನೇ ಎಸೆಯಬೇಕಾದೀತು.

ಕರಗಿದ ಇಲಿಯನ್ನು ಚೀಲದ ಹೊರಗಿನಿಂದಲೇ ಎರಡು ಬೆರಳುಗಳ ನಡುವೆ ಹಿಡಿದು ಎದೆಗೂಡಿನ ಕೆಳಗಿನಿಂದ ಹಿಂಗಾಲಿನವರೆಗೆ ಒತ್ತುತ್ತ ಹೋಗುತ್ತೇನೆ. ಪೂರ್ತಿ ಕರಗಿದ್ದರೆ ಹೊಟ್ಟೆ ನೀರು ತುಂಬಿದ ಸಣ್ಣ ಚೀಲದಂತೆ ಆ ಬದಿಯಿಂದ ಈ ಬದಿಗೆ ಸರಿಯುತ್ತದೆ; ಎಲ್ಲಾದರೂ ಗೋಲಿಯಂಥದು ತಾಗಿದರೆ ಮತ್ತೆ ಫ್ರಿಜ್ಜಿಗೆ. ರೋಮವನ್ನು ಹೆಬ್ಬೆರಳಿನಿಂದ ಉಜ್ಜಿದಾಗ ಕಿತ್ತುಬಂದರೆ, ಹೊಟ್ಟೆ ಹಸಿರಾಗಿದ್ದರೆ, ಹುಳಿನಾತ ಬಂದರೆ ಅದು ಕಸಕ್ಕೆ. ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸುವ ಮಾತೇ ಇಲ್ಲ. ಇದೆಲ್ಲ ಸರಿಯಿದ್ದರೆ ಮಾತ್ರ, ಹಾವಿಗೆ ಕೊಡುವ ಹದಿನೈದು ನಿಮಿಷ ಮೊದಲು 40 ಡಿಗ್ರಿಯ ನೀರಿನಲ್ಲಿ ಚೀಲದೊಂದಿಗೆ ಮುಳುಗಿಸಿಡುತ್ತೇನೆ. ಕೈ ಇಟ್ಟರೆ ಹಿತವೆನಿಸುವಷ್ಟು ಬಿಸಿ, ಅದಕ್ಕಿಂತ ಹೆಚ್ಚು ಬೇಡ. ಕೊನೆಗೆ ಕಾಗದದಿಂದ ಮೈ ಒರೆಸಿ, ಉದ್ದನೆಯ ಇಕ್ಕಳದಿಂದ ಕೊಡುತ್ತೇನೆ. ಬಟ್ಟಲು, ಇಕ್ಕಳ, ಥರ್ಮಾಮೀಟರ್ ಎಲ್ಲಕ್ಕೂ ಕೆಂಪು ಪಟ್ಟಿ ಸುತ್ತಿದೆ. ಅವು ಆ ಕೋಣೆ ಬಿಟ್ಟು ಹೊರಬರುವುದಿಲ್ಲ. ನೀರು ಶೌಚದ ಗುಂಡಿಗೆ ಹೋಗುತ್ತದೆ. ಕೈಗವಸು ತೆಗೆದ ಮೇಲೂ ಸೋಪು ಹಚ್ಚಿ ಇಪ್ಪತ್ತು ಸೆಕೆಂಡು ಕೈ ಉಜ್ಜುತ್ತೇನೆ.

ಪಶುವೈದ್ಯರು ಹೇಳಿದಂತೆ ಮೂರು ವಾರ ಉಪವಾಸ ಹಾಕಿದ ಮೇಲೆ ಮೊದಲು 30 ಗ್ರಾಮಿನ ಇಲಿಮರಿಯೊಂದನ್ನು ಕೊಟ್ಟೆ. ಆಮೇಲಿನ ಪ್ರತಿ ಬೆಳಗ್ಗೆಯೂ ಕೋಣೆಯ ಬಾಗಿಲು ತೆರೆಯುವ ಮೊದಲು ಮೂಗು ಹಿಡಿದೇ ನಿಲ್ಲುತ್ತಿದ್ದೆ. ಒಂಬತ್ತನೆಯ ದಿನ ಗೂಡಿನ ಮೂಲೆಯಲ್ಲಿ ಕಡುಕಂದು ಬಣ್ಣದ ಮಲದ ಉಂಡೆಯೂ, ಅದರ ಪಕ್ಕದಲ್ಲಿ ಸುಣ್ಣದ ತುಂಡಿನಂಥ ಯೂರೇಟೂ (ಹಾವಿನ ಗಟ್ಟಿ ಮೂತ್ರ) ಬಿದ್ದಿದ್ದವು. ಮಲವನ್ನು ಕಡ್ಡಿಯಿಂದ ಬಿಡಿಸಿ ನೋಡಿದೆ. ಒಳಗೆ ಇಲಿಯ ರೋಮವೊಂದನ್ನು ಬಿಟ್ಟು ಬೇರೇನೂ ಇರಲಿಲ್ಲ.