ಸುಣ್ಣದ ಚೀಟಿಯ ಹಿಂದೆ ನಾಲ್ಕು ಪುಸ್ತಕ

ಮಣ್ಣು ಪರೀಕ್ಷೆಯ ಚೀಟಿಯ ಒಂದು ಕಡೆ ಎಕರೆಗೆ ಎಷ್ಟು ಸುಣ್ಣ ಹಾಕಬೇಕು ಅಂತ ಇತ್ತು. ಇನ್ನೊಂದು ಕಡೆ ನಾಲ್ಕು ಪುಸ್ತಕದ ಹೆಸರು. ಎರಡನ್ನೂ ಬರೆದುಕೊಟ್ಟವರು ಒಬ್ಬರೇ. ಮಣ್ಣಿನ ವಿಜ್ಞಾನಿಯಾಗಿ ನಿವೃತ್ತರಾಗಿ ಈಗ ನಮ್ಮ ಮೂಡಿಗೆರೆ ಕಡೆ ಮನೆ ಕಟ್ಟಿಕೊಂಡಿದ್ದಾರೆ. ಅವರ ಜಗಲಿಯಲ್ಲಿ ಪತ್ತೇದಾರಿ ಕಾದಂಬರಿಯ ಪಕ್ಕ ಕುಮಾರವ್ಯಾಸ, ಅದರ ಪಕ್ಕ ಜೇನು ಸಾಕಣೆಯ ಪುಸ್ತಕ. "ಸಾರ್, ಮಳೆಗಾಲಕ್ಕೆ ಏನಾದ್ರೂ ಓದೋಕೆ ಹೇಳಿ" ಅಂದಿದ್ದೆ, ಸುಮ್ನೆ ಮಾತಿಗೆ. ಅವರು ಪೆನ್ನು ತೆಗೆದೇಬಿಟ್ಟರು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕನ್ನೂ ಓದಿದೆ. ಕರೆಂಟು ಇದ್ದಾಗ ಸ್ವಲ್ಪ, ಇಲ್ಲದಾಗ ಜಾಸ್ತಿ. ಯಾವುದು ಯಾರಿಗೆ ಹಿಡಿಸಬಹುದು ಅಂತ ನನಗೆ ಅನ್ನಿಸಿದ್ದನ್ನು ಹೇಳುತ್ತೇನೆ.

ಮೊದಲು ಕನ್ನಡದ ಎರಡು. ತೇಜಸ್ವಿಯವರ 'ಕರ್ವಾಲೊ' ಪಟ್ಟಿಯಲ್ಲಿ ಕಂಡಾಗ ನಗು ಬಂತು. ಮೂಡಿಗೆರೆಯವನಿಗೆ 'ಕರ್ವಾಲೊ' ಓದು ಅನ್ನೋದು ಕಾಫಿ ಕುಡಿದು ನೋಡು ಅಂದ ಹಾಗೆ. ಮೂರು ಸಲ ಓದಿದ್ದೆ, ಹಾರುವ ಓತಿಗಾಗಿ. ಈ ಸಲ ಬೇರೆ ಕಡೆ ಗಮನ ಹೋಯಿತು. ಮದುವೆಗೆ ಹೆಣ್ಣು ಸಿಗದೆ ಒದ್ದಾಡುವ ಮಂದಣ್ಣನನ್ನು ಊರು ಲೆಕ್ಕಕ್ಕೇ ಇಟ್ಟಿಲ್ಲ. ವಿಜ್ಞಾನಿ ಕರ್ವಾಲೊ ಮಾತ್ರ ಅವನ ಕಣ್ಣನ್ನು ನಂಬುತ್ತಾರೆ. ನಮ್ಮ ಲೈನ್ ಮನೆಯಲ್ಲೂ ಹಕ್ಕಿಯ ಕೂಗಿನ ಮೇಲೇ ಮಳೆ ಹೇಳುವವನೊಬ್ಬ ಇದ್ದಾನೆ. ಅವನ ಮಾತನ್ನು ನಾನು ಎಷ್ಟು ಸಲ ತಳ್ಳಿಹಾಕಿದ್ದೇನೋ.

ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಕಾದಂಬರಿಯಲ್ಲ. ಸಸ್ಯಶಾಸ್ತ್ರದ ಮೇಷ್ಟ್ರು ಹುಡುಗರನ್ನು ಕಟ್ಟಿಕೊಂಡು ಪಶ್ಚಿಮಘಟ್ಟ ಸುತ್ತಿದ ಕಥನ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತಮಾಷೆ ಧಾರಾಳವಾಗಿದೆ. ಆದರೆ ಒಂದೇ ಉಸಿರಿಗೆ ಓದಿದರೆ ಗಿಡದ ಹೆಸರುಗಳು ಒಂದರ ಮೇಲೊಂದು ಬಿದ್ದು ತಲೆ ಭಾರವಾಗುತ್ತದೆ. ದಿನಕ್ಕೆ ಒಂದು ಅಧ್ಯಾಯ ಸಾಕು. ಪುಸ್ತಕವನ್ನೇ ಮುಟ್ಟದವರಿಗೆ ಯಾವುದು ಕೊಡಲಿ ಅಂತ ಕೇಳಿದರೆ 'ಕರ್ವಾಲೊ'. ಎರಡು ರಾತ್ರಿಯಲ್ಲಿ ಮುಗಿಯುತ್ತದೆ.

ನಿಜವಾದ ಪೈಪೋಟಿ ಇದ್ದದ್ದು ಇಂಗ್ಲಿಷಿನ ಎರಡರ ನಡುವೆ. ತಮಾಷೆ ಏನಂದರೆ, ಎರಡರಲ್ಲೂ ಎರೆಹುಳು ಬರುತ್ತದೆ.

ಒಂದು, ಡಾರ್ವಿನ್ 1881ರಲ್ಲಿ, ಸಾಯುವ ಹಿಂದಿನ ವರ್ಷ, ಎರೆಹುಳುಗಳ ಮೇಲೆ ಬರೆದ ಪುಸ್ತಕ. ಹಕ್ಕುಸ್ವಾಮ್ಯ ಮುಗಿದಿದೆ, ಮೊಬೈಲಿನಲ್ಲಿ ಬಿಟ್ಟಿ ಸಿಗುತ್ತದೆ. ಇಂಗ್ಲಿಷು ಹಳೇದು. ಒಂದೊಂದು ವಾಕ್ಯ ಅರ್ಧ ಪುಟ. ಮೊದಲ ವಾರ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿದೆ. ಆಮೇಲೆ ಅವಳೇ ಬಿಡಲಿಲ್ಲ. ಯಾಕಂದರೆ ಈ ಅಜ್ಜ ಹುಳುವಿಗೆ ಕಿವಿ ಇದೆಯಾ ಅಂತ ನೋಡೋಕೆ ಮಗನ ಕೈಲಿ ಬಸೂನ್ ಅನ್ನೋ ಊದುವ ವಾದ್ಯ ಊದಿಸುತ್ತಾನೆ. ಹುಳು ಕ್ಯಾರೇ ಅನ್ನಲ್ಲ. ಅದೇ ಹುಳುವಿನ ಕುಂಡವನ್ನು ಪಿಯಾನೊ ಮೇಲಿಟ್ಟು ಒಂದು ಸ್ವರ ಬಾರಿಸಿದರೆ ಬಿಲದೊಳಕ್ಕೆ ಓಡುತ್ತದೆ. ಕೇಳಿಸಲ್ಲ, ಆದರೆ ಅದುರು ಗೊತ್ತಾಗುತ್ತದೆ.

ನನ್ನನ್ನು ಹಿಡಿದು ಕೂರಿಸಿದ್ದು ಸುಣ್ಣದಕಲ್ಲಿನ ಕತೆ. 1842ರಲ್ಲಿ ಒಂದು ಹೊಲದ ಮೇಲೆ ಸುಣ್ಣದಕಲ್ಲಿನ ಚೂರು ಹರಡಿಸಿದ. 1871ರಲ್ಲಿ, ಅಂದರೆ 29 ವರ್ಷ ಬಿಟ್ಟು, ಅಲ್ಲಿ ಅಗೆಸಿದ. ಬಿಳಿ ಗೆರೆ ಏಳು ಇಂಚು ಕೆಳಗೆ ಸಿಕ್ಕಿತು. ಹುಳುಗಳು ಕೆಳಗಿನ ಮಣ್ಣನ್ನು ಮೇಲೆ ತಂದು ಹಾಕುತ್ತಾ ಹಾಕುತ್ತಾ ಕಲ್ಲನ್ನೇ ಹೂತುಬಿಟ್ಟಿದ್ದವು. ಸುಣ್ಣ ಹಾಕಿ ಆರು ತಿಂಗಳಿಗೆ ಮತ್ತೆ ಮಣ್ಣು ಪರೀಕ್ಷೆಗೆ ಕಳಿಸುವ ನಮಗೆ ಈ ತಾಳ್ಮೆ ಎಲ್ಲಿಂದ ಬರಬೇಕು ಮಾರಾಯ್ರೆ.

ಇನ್ನೊಂದು ಅಮೆರಿಕದ ಜೀವಶಾಸ್ತ್ರಜ್ಞೆ ರೇಚಲ್ ಕಾರ್ಸನ್ ಕೀಟನಾಶಕಗಳ ಅನಾಹುತದ ಬಗ್ಗೆ ಬರೆದ 'ಸೈಲೆಂಟ್ ಸ್ಪ್ರಿಂಗ್', 1962ರದ್ದು. ಇಲ್ಲಿ ಎರೆಹುಳು ಬರುವುದು ಬೇರೆ ವೇಷದಲ್ಲಿ. ಅಮೆರಿಕದಲ್ಲಿ ಎಲ್ಮ್ ಮರಗಳ ರೋಗಕ್ಕೆ ಡಿಡಿಟಿ ಅನ್ನೋ ಕೀಟನಾಶಕ ಹೊಡೆದರು. ಉದುರಿದ ಎಲೆಯನ್ನು ಹುಳು ತಿಂದವು. ಹುಳುವನ್ನು ರಾಬಿನ್ ಹಕ್ಕಿ ತಿಂದು ಸತ್ತವು. ದೊಡ್ಡ ಹುಳುವಾದರೆ ಹನ್ನೊಂದು ಸಾಕಂತೆ. ಹಕ್ಕಿಗೆ ಹನ್ನೊಂದು ಹುಳು ಯಾವ ಲೆಕ್ಕ?

ಓದಲು ಕಾರ್ಸನ್ ಸುಲಭ. ಇಂಗ್ಲಿಷು ತಿಳಿ. ಆದರೆ ರಾಸಾಯನಿಕಗಳ ಹೆಸರು ಬರುವ ಅಧ್ಯಾಯದಲ್ಲಿ ನಾನು ಎರಡು ಸಲ ನಿದ್ದೆ ಹೋದೆ. ಆಮೇಲೆ ಒಂದು ಊರಿನ ಸಾವು ಮುಗಿದರೆ ಇನ್ನೊಂದು ಊರಿನದ್ದು. ಹೊರಗೆ ಎಡೆಬಿಡದೆ ಮಳೆ, ಒಳಗೆ ಇದು. ಮನಸ್ಸಿಗೆ ಕಷ್ಟವೇ. ಆದರೂ ಒಂದು ಸಂಜೆ ಪುಸ್ತಕ ಮಡಚಿಟ್ಟು ಸುಮ್ಮನೆ ಕೂತೆ. ಅಪ್ಪ ಕಾಂಡಕೊರಕಕ್ಕೆ ಅಂತ ಅರೇಬಿಕಾ ಕಾಫಿ ಗಿಡಕ್ಕೆ ಬಿ.ಎಚ್.ಸಿ. ಅನ್ನೋ ಕೀಟನಾಶಕ ಹೊಡೆಸುತ್ತಿದ್ದರು. 1997ರಲ್ಲಿ ನಮ್ಮ ದೇಶದಲ್ಲಿ ಅದನ್ನು ನಿಷೇಧಿಸಿದರು. ಆ ಘಾಟು ವಾಸನೆ, ಬರಿಗೈಯಲ್ಲೇ ಬಕೆಟ್ಟಿನಲ್ಲಿ ಕಲಸುತ್ತಿದ್ದ ಆಳುಗಳು, ಅದೇ ಕೈ ತೊಳೆದು ರೊಟ್ಟಿ ತಿಂದದ್ದು, ಎಲ್ಲ ನೆನಪಾಯಿತು. ಡಾರ್ವಿನ್ ಪುಸ್ತಕ ಓದುವಾಗ ಅಪ್ಪ ಒಮ್ಮೆಯೂ ನೆನಪಾಗಿರಲಿಲ್ಲ.

ಹಾಗಾದರೆ ಕಾರ್ಸನ್ ಗೆದ್ದರು ಅಲ್ವಾ? ನನ್ನ ಮಟ್ಟಿಗೆ ಇಲ್ಲ. ಕಾರ್ಸನ್ ಹೇಳಿದ್ದನ್ನು ನಾನು ನಂಬಿದೆ, ಅಷ್ಟೇ. ಡಾರ್ವಿನ್ ಹೇಳಿದ್ದನ್ನು ಮಾಡಿ ನೋಡಬಹುದು. ಖರ್ಚಿಲ್ಲ.

ಮೊದಲು ಕಾಗದದ ತ್ರಿಕೋನ. ಹುಳುಗಳು ಉದುರಿದ ಎಲೆಯನ್ನು ಬಿಲದೊಳಕ್ಕೆ ಎಳೆದುಕೊಳ್ಳುತ್ತವೆ. ಎಲೆ ಬದಲು ಕಾಗದ ಕೊಟ್ಟರೆ ಹುಳು ಯಾವ ಮೂಲೆ ಹಿಡಿದು ಎಳೆಯುತ್ತದೆ ಅಂತ ಅವನು 303 ತ್ರಿಕೋನ ಇಟ್ಟು ನೋಡಿದ್ದ. ನೂರಕ್ಕೆ 62ನ್ನು ಚೂಪು ತುದಿ ಹಿಡಿದೇ ಎಳೆದಿದ್ದವು. ನಾನೂ ಮಗಳೂ ಕುಂಡದಲ್ಲಿ ಹುಳು ಬಿಟ್ಟು, ಕಾಗದಕ್ಕೆ ತುಪ್ಪ ಸವರಿ ಇಟ್ಟೆವು. ನಾಲ್ಕು ರಾತ್ರಿ ಟಾರ್ಚ್ ಹಿಡಿದು ಕಾದದ್ದೇ ಬಂತು. ಒಂದನ್ನೂ ಎಳೆಯಲಿಲ್ಲ. ಐದನೇ ರಾತ್ರಿ ಇರುವೆ ಬಂದು ತುಪ್ಪ ನೆಕ್ಕಿ ಹೋದವು. ಪಟ್ಟಿ ಕೊಟ್ಟ ನಮ್ಮ ವಿಜ್ಞಾನಿಗಳಿಗೆ ಹೇಳಿದರೆ, "ಎಲ್ಲಾ ಹುಳುವೂ ಎಲೆ ಎಳೆಯಲ್ಲ. ಮಣ್ಣನ್ನೇ ತಿಂದುಕೊಂಡು ಒಳಗಿರೋ ಜಾತಿ ಹಿಡಿದು ತಂದಿರ್ತೀರಿ" ಅಂದರು.

ಎರಡನೇದು ಸರಿಯಾಯಿತು. ಒಂದು ಚದರ ಗಜಕ್ಕೆ ಗೂಟ ಹೊಡೆದು, ಅಲ್ಲಿ ಹುಳು ಹೊರಹಾಕಿದ ಮಣ್ಣಿನ ಗುಪ್ಪೆಗಳನ್ನು ದಿನಾ ಹೆಕ್ಕಿ, ಒಣಗಿಸಿ ತೂಗುವುದು. ಇಂಗ್ಲೆಂಡಿನ ಎಷ್ಟೋ ಕಡೆ ಎಕರೆಗೆ ವರ್ಷಕ್ಕೆ ಹತ್ತು ಟನ್‌ಗೂ ಜಾಸ್ತಿ ಮಣ್ಣು ಹೀಗೆ ಮೇಲೆ ಬರುತ್ತದೆ ಅಂತ ಅವನ ಲೆಕ್ಕ. ನಾನು ಎರಡು ಚೌಕ ಮಾಡಿದೆ. ಒಂದು ಹಳೇ ರೋಬಸ್ಟಾ ಬುಡದಲ್ಲಿ, ದರಗು, ಅಂದರೆ ಉದುರಿದ ಒಣ ಎಲೆ, ದಪ್ಪ ಇರುವ ಕಡೆ. ಇನ್ನೊಂದು ರಸ್ತೆ ಪಕ್ಕ, ಕಳೆ ಔಷಧಿ ಹೊಡೆದ ಕಡೆ. ಇಂಬಳ ಕಚ್ಚಿಸಿಕೊಂಡು ಒಂದು ವಾರ ಹೆಕ್ಕಿದೆ. ಮಳೆಗೆ ಒಣಗುವ ಮಾತೇ ಇಲ್ಲ, ಒಲೆ ಮೇಲಿನ ಅಟ್ಟದಲ್ಲಿಟ್ಟೆ. ರೋಬಸ್ಟಾ ಬುಡದ್ದು 230 ಗ್ರಾಂ. ರಸ್ತೆ ಪಕ್ಕದ್ದು 40.

ಕಾರ್ಸನ್ ಹೇಳಿದ್ದನ್ನು ಡಾರ್ವಿನ್ ದಾರಿಯಲ್ಲಿ ತೋರಿಸಿಬಿಟ್ಟೆ ಅಂತ ಬೀಗಿಕೊಂಡು ವಿಜ್ಞಾನಿಗಳ ಮನೆಗೆ ಹೋದೆ. ಅವರು ನನ್ನ ತೂಕದ ಚೀಟಿ ನೋಡಿ ನಕ್ಕರು.

"ಒಂದು ಕಡೆ ನೆರಳು, ಒಂದು ಕಡೆ ಬಿಸಿಲು. ಒಂದು ಕಡೆ ದರಗು, ಇನ್ನೊಂದು ಕಡೆ ಬೋಳು ನೆಲ. ಔಷಧಿಯಿಂದಲೇ ಅಂತ ಹೆಂಗೆ ಹೇಳ್ತೀರಿ? ಒಂದೇ ಥರದ ಜಾಗದಲ್ಲಿ ಹೊಡೆದದ್ದು ಐದು, ಹೊಡೆಯದ್ದು ಐದು ಚೌಕ ಮಾಡಿ ಬನ್ನಿ."

ಅವರ ಆಯ್ಕೆ ಮಾತ್ರ ಈಗಲೂ ಕಾರ್ಸನ್. ನನ್ನದು ಡಾರ್ವಿನ್.

ಹತ್ತು ಚೌಕಕ್ಕೆ ಗೂಟ ಹೊಡೆದಾಗಿದೆ. ತಕ್ಕಡಿಯೊಂದು ಹೊಸದು ತರಬೇಕು. ಅಡುಗೆಮನೆಯದನ್ನು ಹೆಂಡತಿ ಎತ್ತಿಟ್ಟಿದ್ದಾಳೆ.